ಆಸ್ಪತ್ರೆಗೆ ವಿಮೆ ಉಂಟು, ಮುಪ್ಪಿಗಿಲ್ಲ

ಅಮೆರಿಕದಲ್ಲಿ 65ನೇ ಹುಟ್ಟುಹಬ್ಬ ಹತ್ತಿರವಾಗುತ್ತಿದ್ದಂತೆ ಮನೆಯ ಅಂಚೆ ಡಬ್ಬಿ ತುಂಬತೊಡಗುತ್ತದೆ. ವಿಮಾ ಕಂಪನಿಗಳ ಬಣ್ಣಬಣ್ಣದ ಕಾಗದ, ಸರ್ಕಾರದ ದಪ್ಪ ಕೈಪಿಡಿ, ನಡುನಡುವೆ ಏಜೆಂಟರ ಫೋನು. 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಹೀಗೆ ಏಳು ತಿಂಗಳೊಳಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಹೆಸರು ಬರೆಸಬೇಕು. ನೌಕರಿಯ ಮೂಲಕ ಬಂದ ವಿಮೆಯೂ ಇಲ್ಲದೆ ತಡಮಾಡಿದವರಿಗೆ ಪ್ರತಿ 12 ತಿಂಗಳ ವಿಳಂಬಕ್ಕೆ ಶೇ 10ರಂತೆ ಕಂತು ಹೆಚ್ಚಾಗುತ್ತದೆ. ಆ ದಂಡವನ್ನು ಸಾಮಾನ್ಯವಾಗಿ ಬದುಕಿರುವಷ್ಟು ಕಾಲವೂ ಕಟ್ಟುತ್ತಿರಬೇಕು. ತಲಾ ಲೆಕ್ಕದಲ್ಲಿ ಆರೋಗ್ಯಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಖರ್ಚು ಮಾಡುವ ದೇಶ ಇದು. ಮೆಡಿಕೇರ್ ಒಂದರ ವಾರ್ಷಿಕ ವೆಚ್ಚವೇ 2023ರಲ್ಲಿ ಒಂದು ಲಕ್ಷ ಕೋಟಿ ಡಾಲರ್ ದಾಟಿತ್ತು. ಇಷ್ಟಾದರೂ ಅಲ್ಲಿನ ಮಧ್ಯಮ ವರ್ಗದ ಮನೆಗಳಲ್ಲಿ ವಯಸ್ಸಾದವರ ಕಾಯಿಲೆ ಎಂದರೆ ಆಸ್ತಿ ಕರಗುವ ಭಯ. ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಔಷಧ ದುಬಾರಿ, ಆಸ್ಪತ್ರೆ ದುಬಾರಿ ಎಂಬುದು. ಸುಳ್ಳಲ್ಲ. ಆದರೆ ಬೆಲೆ ಇಳಿದರೂ ಹೋಗದ ಒಂದು ದೋಷ ಆ ವ್ಯವಸ್ಥೆಯ ಒಳಗೇ ಇದೆ ಎಂಬುದು ನನ್ನ ವಾದ. ಕಾಯಿಲೆ ಬಿದ್ದು ಗುಣವಾಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ವಿಮೆ ಅದು. ನಿಧಾನವಾಗಿ ಕುಗ್ಗುತ್ತಾ ಹೋಗುವವರಿಗೆ ಅದರಲ್ಲಿ ಜಾಗವಿಲ್ಲ. ನಡುವೆ ಉಳಿದ ಕಂದಕಗಳನ್ನು ತುಂಬಿಕೊಳ್ಳುವ ಹೊಣೆಯನ್ನು ಒಬ್ಬೊಬ್ಬ ಹಿರಿಯರ ಮುಂದಾಲೋಚನೆಗೇ ಬಿಡಲಾಗಿದೆ.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣಕ್ಕೇ ಹೋಗಿ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ರಾಷ್ಟ್ರೀಯ ಆರೋಗ್ಯ ವಿಮೆಗಾಗಿ ಪ್ರಯತ್ನಿಸಿ ಸೋತಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಊರು ಅದು. ಮೊದಲ ಕಾರ್ಡು ಅವರಿಗೇ ಸಂದಿತು. ಆ ಹೊತ್ತಿನಲ್ಲಿ ದೇಶದ ಹಿರಿಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆಸ್ಪತ್ರೆ ವಿಮೆ ಇರಲಿಲ್ಲ. ವಯಸ್ಸಾದವರಿಗೆ ವಿಮೆ ಮಾರಿದರೆ ನಷ್ಟ ಎಂಬುದು ಖಾಸಗಿ ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತು. ಕುಟುಂಬಗಳನ್ನು ಮುಳುಗಿಸುತ್ತಿದ್ದುದು ಮುಖ್ಯವಾಗಿ ಆಸ್ಪತ್ರೆಯ ಬಿಲ್ಲು, ಹಾಗಾಗಿ ಕಾನೂನು ಆಸ್ಪತ್ರೆಯಿಂದಲೇ ಶುರುವಾಯಿತು. ವೈದ್ಯರ ಸಂಘದ ಉಗ್ರ ವಿರೋಧವನ್ನು ದಾಟಿಸಬೇಕಿತ್ತು. ಆದ್ದರಿಂದ ಆಗ ಚಾಲ್ತಿಯಲ್ಲಿದ್ದ ಖಾಸಗಿ ವಿಮೆಯ ನಕ್ಷೆಯನ್ನೇ ಹೆಚ್ಚು ಕಡಿಮೆ ನಕಲು ಮಾಡಿದರು. ಆಸ್ಪತ್ರೆಗೆ ಪಾರ್ಟ್ ಎ, ವೈದ್ಯರ ಶುಲ್ಕಕ್ಕೆ ಪಾರ್ಟ್ ಬಿ, ಬಡವರಿಗೆ ರಾಜ್ಯಗಳ ಜೊತೆಗೂಡಿ ನಡೆಸುವ ಮೆಡಿಕೇಡ್. 1966ರಲ್ಲಿ ಪಾರ್ಟ್ ಬಿ ಕಂತು ತಿಂಗಳಿಗೆ ಮೂರು ಡಾಲರ್. ಯೋಜನೆಯ ಸಾಧನೆಯನ್ನು ಕಡೆಗಣಿಸುವಂತಿಲ್ಲ: ಸುಮಾರು 1.9 ಕೋಟಿ ಜನ ಒಮ್ಮೆಗೇ ವಿಮೆಯ ನೆರಳಿಗೆ ಬಂದರು. ಮೆಡಿಕೇರ್ ಹಣ ಬೇಕಾದರೆ ವರ್ಣಭೇದ ಬಿಡಬೇಕು ಎಂಬ ಷರತ್ತಿಗೆ ಮಣಿದು ದಕ್ಷಿಣದ ಆಸ್ಪತ್ರೆಗಳು ಕರಿಯರಿಗೂ ಬಿಳಿಯರಿಗೂ ಒಂದೇ ವಾರ್ಡು ತೆರೆದವು. ಆದರೆ ನಕ್ಷೆ ಮಾತ್ರ 1965ರದ್ದಾಗಿಯೇ ಉಳಿಯಿತು. ಆಗ 65 ಮುಟ್ಟಿದವರು ಸರಾಸರಿ ಇನ್ನು 14-15 ವರ್ಷ ಬದುಕುತ್ತಿದ್ದರು. ಈಗ 19ಕ್ಕೂ ಹೆಚ್ಚು. ಹೆಚ್ಚುವರಿಯಾಗಿ ಸಿಕ್ಕ ಆ ವರ್ಷಗಳಲ್ಲಿ ಹಲವು ಮೊಣಕಾಲು ನೋವಿನವು, ಮರೆವಿನವು, ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾಗುವವು.

ನಕ್ಷೆಯ ಬಿರುಕುಗಳನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. 2025ರ ಲೆಕ್ಕದಲ್ಲಿ ಪಾರ್ಟ್ ಬಿ ಕಂತು ತಿಂಗಳಿಗೆ 185 ಡಾಲರ್, ಮರುವರ್ಷ 202.90. ನಿವೃತ್ತರ ಸರಾಸರಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ತಿಂಗಳಿಗೆ ಸುಮಾರು 2,000 ಡಾಲರ್. ಕಂತನ್ನು ಅದರಿಂದಲೇ ಮುರಿದುಕೊಳ್ಳುತ್ತಾರೆ. 2025ರಲ್ಲಿ ಆಸ್ಪತ್ರೆ ಸೇರಿದರೆ ಮೊದಲ 1,676 ಡಾಲರ್ ರೋಗಿಯದಾಗಿತ್ತು. ವರ್ಷಕ್ಕೊಮ್ಮೆ ಕಟ್ಟಿದರೆ ಮುಗಿಯಿತು ಎಂದಲ್ಲ. ಒಂದು ಚಿಕಿತ್ಸಾ ಅವಧಿ ಮುಗಿದು 60 ದಿನ ಕಳೆದ ಮೇಲೆ ಮತ್ತೆ ದಾಖಲಾದರೆ ಮತ್ತೆ ಅಷ್ಟೇ. ಆಸ್ಪತ್ರೆಯಲ್ಲೇ ಉಳಿದರೆ 61ನೇ ದಿನದಿಂದ 90ರವರೆಗೆ ಅದೇ ವರ್ಷದ ದರದಲ್ಲಿ ದಿನಕ್ಕೆ 419 ಡಾಲರ್. ವೈದ್ಯರ ಬಿಲ್ಲಿನಲ್ಲಿ ಶೇ 20 ರೋಗಿಯ ಪಾಲು, ಅದಕ್ಕೆ ಮೇಲ್ಮಿತಿಯೇ ಇಲ್ಲ. ಹತ್ತು ಸಾವಿರ ಡಾಲರಿಗೂ ಶೇ 20, ಎರಡು ಲಕ್ಷಕ್ಕೂ ಶೇ 20. ಹಲ್ಲು, ಕನ್ನಡಕ, ಕಿವಿಯ ಯಂತ್ರ ಹೆಚ್ಚಾಗಿ ಲೆಕ್ಕಕ್ಕಿಲ್ಲ. ವಯಸ್ಸಾದವರಿಗೆ ಇವೇ ತಾನೇ ಮೊದಲು ಬೇಕಾಗುವುದು. ಸೊಂಟ ಮುರಿದು ಆಸ್ಪತ್ರೆಯಿಂದ ಹೊರಬಂದವರ ಪುನಶ್ಚೇತನ ಕೇಂದ್ರದ ಖರ್ಚು 20 ದಿನ ಪೂರ್ತಿ, ಆಮೇಲೆ ನೂರನೇ ದಿನದವರೆಗೆ 2025ರ ದರದಲ್ಲಿ ದಿನಕ್ಕೆ 209.50 ಡಾಲರ್ ರೋಗಿಯ ಪಾಲು, ನೂರಾದ ಮೇಲೆ ಸೊನ್ನೆ. ಇದಕ್ಕೂ ಮೊದಲು ಕನಿಷ್ಠ ಮೂರು ದಿನ ಒಳರೋಗಿಯಾಗಿರಬೇಕು. ಎಷ್ಟೋ ಸಲ ಆಸ್ಪತ್ರೆಯವರು ಹಾಸಿಗೆಯಲ್ಲಿ ಮಲಗಿಸಿ ‘ನಿಗಾದಲ್ಲಿದ್ದಾರೆ’ ಎಂದು ಬರೆದುಕೊಳ್ಳುತ್ತಾರೆ. ಅಂಥವರು ಕಾಗದದ ಮೇಲೆ ಹೊರರೋಗಿಗಳು. ಮೂರು ರಾತ್ರಿ ಅದೇ ವಾರ್ಡಿನಲ್ಲಿ ಕಳೆದರೂ ಆ ದಿನಗಳು ಎಣಿಕೆಗೆ ಬರುವುದಿಲ್ಲ. ಕಾನೂನಿನ ಇಂಥ ಚಮತ್ಕಾರಗಳನ್ನು ಕಂಡಾಗ ನಮ್ಮ ಕಂದಾಯ ಇಲಾಖೆ ನೆನಪಾದರೆ ತಪ್ಪಿಲ್ಲ.

ಈ ಬಿರುಕುಗಳಿಗೆ ಎರಡು ಬಗೆಯ ತೇಪೆಗಳಿವೆ, ಎರಡನ್ನೂ ಖಾಸಗಿ ಕಂಪನಿಗಳೇ ಮಾರುತ್ತವೆ. ಒಂದು ಮೆಡಿಗ್ಯಾಪ್: ಪ್ರತ್ಯೇಕ ಕಂತು ಕಟ್ಟಿದರೆ ಮೆಡಿಕೇರ್ ಬಿಟ್ಟ ಪಾಲನ್ನು ಅದು ತುಂಬುತ್ತದೆ, ದೇಶದಲ್ಲಿ ಮೆಡಿಕೇರ್ ಒಪ್ಪುವ ಯಾವ ವೈದ್ಯರ ಬಳಿಗಾದರೂ ಹೋಗಬಹುದು. ಇನ್ನೊಂದು ಮೆಡಿಕೇರ್ ಅಡ್ವಾಂಟೇಜ್: ಸರ್ಕಾರ ತಲೆಗಿಷ್ಟು ಎಂದು ಕಂಪನಿಗೆ ಹಣ ಕೊಡುತ್ತದೆ, ಕಂಪನಿ ಇಡೀ ಚಿಕಿತ್ಸೆಯ ಹೊಣೆ ಹೊರುತ್ತದೆ. ಇದರಲ್ಲಿ ಹೆಚ್ಚುವರಿ ಕಂತು ಎಷ್ಟೋ ಸಲ ಸೊನ್ನೆ, ಹಲ್ಲಿಗೂ ಕನ್ನಡಕಕ್ಕೂ ಒಂದಿಷ್ಟು ನೆರವು, ವರ್ಷದ ಖರ್ಚಿಗೆ ಮೇಲ್ಮಿತಿ. ಬದಲಿಗೆ ಕಂಪನಿಯ ಪಟ್ಟಿಯಲ್ಲಿರುವ ವೈದ್ಯರೇ ಆಗಬೇಕು, ದೊಡ್ಡ ಚಿಕಿತ್ಸೆಗೆ ಮೊದಲೇ ಅವರ ಒಪ್ಪಿಗೆ ಬೇಕು. 2024ರ ಹೊತ್ತಿಗೆ ಅರ್ಹರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಎರಡನೆಯ ದಾರಿ ಹಿಡಿದಿದ್ದರು. 65ರ ವಯಸ್ಸಿನಲ್ಲಿ, ಮೈ ಗಟ್ಟಿಯಿರುವಾಗ, ಇದು ಜಾಣತನದ ಆಯ್ಕೆಯೇ. ತೊಡಕು ಇರುವುದು ಹಿಂದಿರುಗುವ ದಾರಿಯಲ್ಲಿ. ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು ಮಾತ್ರ ಆರೋಗ್ಯದ ಪ್ರಶ್ನೆ ಕೇಳದೆ ಮೆಡಿಗ್ಯಾಪ್ ಮಾರಬೇಕೆಂಬ ನಿಯಮವಿದೆ. ಆಮೇಲೆ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್, ನ್ಯೂಯಾರ್ಕ್ ಎಂಬ ನಾಲ್ಕು ರಾಜ್ಯಗಳನ್ನು ಬಿಟ್ಟರೆ, ಕೆಲವು ವಿಶೇಷ ಸಂದರ್ಭಗಳ ಹೊರತು ಕಂಪನಿ ಕಾಯಿಲೆಯ ಇತಿಹಾಸ ಕೇಳಬಹುದು, ಇಲ್ಲವೆನ್ನಲೂಬಹುದು. ಪಾರ್ಕಿನ್ಸನ್ ಬಂದ ಮೇಲೆ ದೂರದ ತಜ್ಞರನ್ನು ನೋಡಬೇಕೆನಿಸಿದವರಿಗೆ ಬಾಗಿಲು ಮುಚ್ಚಿರುತ್ತದೆ. ಪಂಕ್ತಿಯಲ್ಲಿ ಕೂರುವ ಮೊದಲೇ, ಮೂರನೆಯ ಸಲ ಅನ್ನ ಬೇಕಾದೀತೇ ಬೇಡವೇ ಎಂದು ಬರೆದುಕೊಡಿ ಎಂದ ಹಾಗಾಯಿತು ಇದು.

ಇಲ್ಲಿ ಮಾರುಕಟ್ಟೆಯ ಪರವಾಗಿ ಮಾತಾಡುವವರು ಒಂದು ಸರಿಯಾದ ಮಾತು ಹೇಳುತ್ತಾರೆ. ಸರ್ಕಾರದ ಮೂಲ ಯೋಜನೆಗೆ ಇಲ್ಲದ ಮೇಲ್ಮಿತಿಯನ್ನು ಅಡ್ವಾಂಟೇಜ್ ಕೊಟ್ಟಿದೆ, ಜನ ತಾವಾಗಿಯೇ ಅದನ್ನು ಆರಿಸಿಕೊಳ್ಳುತ್ತಿದ್ದಾರೆ, ಹಾಗಿದ್ದ ಮೇಲೆ ದೂರು ಏನು? ಮೇಲ್ಮಿತಿ ದೊಡ್ಡ ಉಪಕಾರ, ಒಪ್ಪಿಕೊಳ್ಳೋಣ. ಆದರೆ ಅದು ಮೂಲ ಯೋಜನೆಯಲ್ಲೇ ಇರಬೇಕಿತ್ತು ಎನ್ನುವುದಕ್ಕೂ ಇದೇ ಸಾಕ್ಷಿ. ಇನ್ನು ಹಲ್ಲು ಕನ್ನಡಕಗಳ ಉಚಿತ ಕೊಡುಗೆ. ಮೆಡಿಕೇರ್ ಪಾವತಿಗಳ ಬಗ್ಗೆ ಅಮೆರಿಕದ ಸಂಸತ್ತಿಗೆ ಸಲಹೆ ಕೊಡುವ ಆಯೋಗದ ಅಂದಾಜಿನಂತೆ, ಅದೇ ಜನರು ಮೂಲ ಮೆಡಿಕೇರ್‌ನಲ್ಲಿದ್ದಿದ್ದರೆ ಆಗುತ್ತಿದ್ದ ಖರ್ಚಿಗಿಂತ 2025ರಲ್ಲಿ ಸರ್ಕಾರ ಈ ಕಂಪನಿಗಳಿಗೆ ಶೇ 20ರಷ್ಟು, ಅಂದರೆ ಸುಮಾರು 8,400 ಕೋಟಿ ಡಾಲರ್, ಹೆಚ್ಚು ಕೊಡುತ್ತಿತ್ತು. ಕಂಪನಿಗಳು ಈ ಲೆಕ್ಕವನ್ನು ಒಪ್ಪುವುದಿಲ್ಲ. ಅದರ ಅರ್ಧವೇ ನಿಜವೆಂದರೂ, ಮಾರುಕಟ್ಟೆಯ ಕಾರ್ಯದಕ್ಷತೆ ಎಂದು ಹೊಗಳಿಸಿಕೊಳ್ಳುತ್ತಿರುವುದರಲ್ಲಿ ದೊಡ್ಡ ಪಾಲು ತೆರಿಗೆದಾರರ ಹಣ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತವಾದುದು. ಅಮೆರಿಕದಲ್ಲಿ 65 ದಾಟಿದವರಲ್ಲಿ ವಿಮೆಯೇ ಇಲ್ಲದವರು ಶೇ 1ರ ಆಸುಪಾಸು ಮಾತ್ರ. ಅಷ್ಟು ಭದ್ರತೆ ಬೇರೆ ಯಾವ ವಯೋಮಾನಕ್ಕೂ ಇಲ್ಲ. ನಿಜವಾದ ಸಂಕಟ 50ರಿಂದ 64ರವರದಲ್ಲವೇ? ಹೌದು, ಅವರದು ಕಡುಕಷ್ಟ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಒಬಾಮಾ ಕಾಲದ ಕಾನೂನಿನಡಿ ಸ್ವಂತವಾಗಿ ವಿಮೆ ಕೊಳ್ಳಲು ಹೋದರೆ, 64ರವರಿಗೆ ಕಂಪನಿ 21ರವರಿಗಿಂತ ಮೂರು ಪಟ್ಟು ಕಂತು ಹಾಕಬಹುದು. ಈ ಕಂತಿಗೆ ಸರ್ಕಾರ ಕೊಡುವ ಸಹಾಯಧನದಲ್ಲಿ 2021ರಲ್ಲಿ ಮಾಡಿದ್ದ ಹೆಚ್ಚಳ 2025ರ ಕೊನೆಗೆ ಮುಗಿದುಹೋಯಿತು. ಅದನ್ನು ಉಳಿಸುವ ಜಗಳದಲ್ಲಿ ಆ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳೇ ಬಾಗಿಲು ಹಾಕಿದ್ದವು, ಆದರೂ ಉಳಿಯಲಿಲ್ಲ. 2026ರ ಲೆಕ್ಕದಲ್ಲಿ ಒಬ್ಬಂಟಿ ವ್ಯಕ್ತಿಯ ವಾರ್ಷಿಕ ಆದಾಯ 62,600 ಡಾಲರ್ ದಾಟಿತೆಂದರೆ ಒಂದು ಡಾಲರಿನ ಸಹಾಯಧನವೂ ಇಲ್ಲ. ಇವರೆಲ್ಲ 65 ಒಂದು ಬಂದರೆ ಸಾಕು ಎಂದು ದಿನ ಎಣಿಸುತ್ತಿರುವವರು. ಅವರ ಪಾಡು ನನ್ನ ವಾದವನ್ನು ಅಲುಗಿಸುವುದಿಲ್ಲ. ದಡ ಎಂದು ಅವರು ನೋಡುತ್ತಿರುವ ಜಾಗ ಎಷ್ಟು ಗಟ್ಟಿ ಎಂಬುದೇ ಇಲ್ಲಿನ ಪ್ರಶ್ನೆ.

ಆ ದಡ ಕುಸಿಯುವುದು ಆರೈಕೆಯ ಜಾಗದಲ್ಲಿ. ಅಮೆರಿಕದ ನರ್ಸಿಂಗ್ ಹೋಮ್ ಎಂದರೆ ನಮ್ಮಲ್ಲಿಯ ಹಾಗೆ ಸಣ್ಣ ಖಾಸಗಿ ಆಸ್ಪತ್ರೆಯಲ್ಲ. ಎದ್ದು ಓಡಾಡಲಾಗದ, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ವೃದ್ಧರು ವರ್ಷಗಟ್ಟಲೆ ಇರುವ ಮನೆ. 2024ರ ಒಂದು ಪ್ರಮುಖ ಸಮೀಕ್ಷೆಯ ಪ್ರಕಾರ ಇಬ್ಬರು ಹಂಚಿಕೊಳ್ಳುವ ಕೋಣೆಗೆ ಅಲ್ಲಿ ವರ್ಷಕ್ಕೆ 1,11,325 ಡಾಲರ್. ಈಗ 65 ಮುಟ್ಟುತ್ತಿರುವವರಲ್ಲಿ ಸುಮಾರು ಶೇ 70ರಷ್ಟು ಜನರಿಗೆ ಒಂದಲ್ಲ ಒಂದು ಬಗೆಯ ದೀರ್ಘಕಾಲದ ಆರೈಕೆ ಬೇಕಾಗುತ್ತದೆ ಎಂಬುದು ಸರ್ಕಾರದ್ದೇ ಅಂದಾಜು. ಎಲ್ಲರೂ ನರ್ಸಿಂಗ್ ಹೋಮ್ ಸೇರುತ್ತಾರೆಂದಲ್ಲ, ಹಲವರಿಗೆ ಮನೆಯಲ್ಲೇ ಯಾರಾದರೂ ಬೇಕು. ಊಟ ಮಾಡಿಸಲು, ಸ್ನಾನ ಮಾಡಿಸಲು, ಮರೆವಿನಿಂದ ಬೀದಿಗಿಳಿಯದಂತೆ ಕಾಯಲು ಜನ ಬೇಕೆಂದರೆ ಅದು ಚಿಕಿತ್ಸೆಯಲ್ಲ, ಹಾಗಾಗಿ ಮೆಡಿಕೇರ್ ಕೊಡುವುದಿಲ್ಲ. ಕೊಡುವುದು ಮೆಡಿಕೇಡ್. ನರ್ಸಿಂಗ್ ಹೋಮ್ ವಾಸಿಗಳಲ್ಲಿ ಹತ್ತರಲ್ಲಿ ಆರು ಮಂದಿಯ ಖರ್ಚು ಅದರದೇ. ಆದರೆ ಅದು ಬಡವರ ಯೋಜನೆ. ಬಹುತೇಕ ರಾಜ್ಯಗಳಲ್ಲಿ ಒಬ್ಬಂಟಿಯಾದವರು ಉಳಿತಾಯವನ್ನೆಲ್ಲ ಕರಗಿಸಿ 2,000 ಡಾಲರಿಗೆ ಇಳಿಸಿದರೆ ಮಾತ್ರ ಅರ್ಹತೆ. ಸಂಗಾತಿ ಬದುಕಿದ್ದರೆ ಒಂದಿಷ್ಟು ವಿನಾಯಿತಿ ಇದೆ, ವಾಸದ ಮನೆಯನ್ನೂ ಮಿತಿಯೊಳಗೆ ಬಿಡುತ್ತಾರೆ. ಆದರೆ 1993ರ ಕಾನೂನಿನಂತೆ ಸತ್ತ ಮೇಲೆ ಆ ಆಸ್ತಿಯಿಂದ ಖರ್ಚು ವಸೂಲು ಮಾಡುವುದು ರಾಜ್ಯಗಳ ಕರ್ತವ್ಯ. ಶ್ರೀಮಂತರು ಕೈಯಿಂದ ಕೊಟ್ಟು ಪಾರಾಗುತ್ತಾರೆ, ಬಡವರನ್ನು ಮೆಡಿಕೇಡ್ ನೋಡುತ್ತದೆ. ನಲವತ್ತು ವರ್ಷ ದುಡಿದು ಮನೆಯ ಸಾಲ ತೀರಿಸಿದ ಶಾಲಾ ಶಿಕ್ಷಕಿಯೋ ಬಸ್ ಚಾಲಕನೋ ಮಾತ್ರ ಮೊದಲು ಬಡವರಾಗಿ ಬರಬೇಕು. ಕ್ಯಾನ್ಸರ್ ಬಂದರೆ ಸಮಾಜ ಹೊಣೆ ಹಂಚಿಕೊಳ್ಳುತ್ತದೆ, ಮರೆಗುಳಿತನ ಬಂದರೆ ಮನೆ ಮಾರಬೇಕು. ಈ ಭೇದಕ್ಕೆ ವೈದ್ಯಕೀಯ ಕಾರಣವೂ ಇಲ್ಲ, ನ್ಯಾಯದ ಕಾರಣವೂ ಇಲ್ಲ.

ಇದಕ್ಕೂ ಖಾಸಗಿ ವಿಮೆ ಕೊಳ್ಳಬಹುದಲ್ಲ ಎನ್ನಬಹುದು. ಆ ಪ್ರಯೋಗ ನಡೆದುಹೋಗಿದೆ. 1980-90ರ ದಶಕಗಳಲ್ಲಿ ಹಲವಾರು ಕಂಪನಿಗಳು ದೀರ್ಘಕಾಲದ ಆರೈಕೆಯ ಪಾಲಿಸಿ ಮಾರಿದವು. ಕೊಂಡವರಲ್ಲಿ ಬಹಳ ಮಂದಿ ನಡುವೆಯೇ ಪಾಲಿಸಿ ಬಿಟ್ಟುಬಿಡುತ್ತಾರೆ, ಬಡ್ಡಿ ದರ ಮೇಲೇ ಇರುತ್ತದೆ ಎಂದು ಅವು ಲೆಕ್ಕ ಹಾಕಿದ್ದವು. ಜನ ಪಾಲಿಸಿ ಬಿಡಲಿಲ್ಲ, ಬಡ್ಡಿ ಕುಸಿಯಿತು, ಆಯಸ್ಸು ಹೆಚ್ಚಿತು. ಕಂಪನಿಗಳು ಕಂತನ್ನು ಏರಿಸುತ್ತಾ ಹೋದವು, ಹೆಚ್ಚಿನವು ವ್ಯಾಪಾರವನ್ನೇ ಬಿಟ್ಟವು. ಮೂವತ್ತು ವರ್ಷ ಆಚೆಯ ಖರ್ಚನ್ನು ಅಂಕಿ ಅಂಶಗಳ ತಜ್ಞರಿಂದಲೇ ಊಹಿಸಲಾಗಲಿಲ್ಲ. ನಿವೃತ್ತ ದಂಪತಿ ಊಹಿಸಿ ಉಳಿತಾಯ ಮಾಡಬೇಕಿತ್ತು ಎನ್ನುವುದು ಯಾವ ಧೈರ್ಯದ ಮೇಲೆ?

ಹಾಗಿದ್ದರೆ ಇಷ್ಟು ವರ್ಷ ಯಾರೂ ಸರಿಪಡಿಸಲಿಲ್ಲವೇಕೆ? ಇದಕ್ಕೆ ಅರ್ಧ ಉತ್ತರ 1989ರ ಬೇಸಿಗೆಯಲ್ಲಿದೆ. ಹಿಂದಿನ ವರ್ಷ ಅಧ್ಯಕ್ಷ ರೊನಾಲ್ಡ್ ರೇಗನ್ ಮೆಡಿಕೇರ್ ವಿಸ್ತರಿಸುವ ಒಂದು ಕಾನೂನಿಗೆ ಸಹಿ ಹಾಕಿದ್ದರು. ಆಸ್ಪತ್ರೆ, ವೈದ್ಯರ ಖರ್ಚಿಗೆ ಮೇಲ್ಮಿತಿ, ಔಷಧಕ್ಕೂ ನೆರವು. ಎರಡೂ ಪಕ್ಷಗಳ ದೊಡ್ಡ ಬಹುಮತ, ನಿವೃತ್ತರ ಅತಿ ದೊಡ್ಡ ಸಂಘಟನೆಯ ಬೆಂಬಲ. ಹಣ ಮಾತ್ರ ಹಿರಿಯರಿಂದಲೇ ಬರಬೇಕಿತ್ತು, ಅನುಕೂಲಸ್ಥರಿಗೆ ವರ್ಷಕ್ಕೆ 800 ಡಾಲರ್‌ವರೆಗೆ ಹೆಚ್ಚುವರಿ ತೆರಿಗೆ. ಆ ಅನುಕೂಲಸ್ಥರಲ್ಲಿ ಬಹಳ ಜನಕ್ಕೆ ತಾವು ದುಡಿದ ಹಳೆಯ ಕಂಪನಿಯ ಕಡೆಯಿಂದ ಅದೇ ರಕ್ಷಣೆ ಆಗಲೇ ಇತ್ತು. ಅವರಿಗೆ ನಿಜವಾಗಿ ಭಯವಿದ್ದುದು ನರ್ಸಿಂಗ್ ಹೋಮ್ ಖರ್ಚಿನದು; ಅದು ಕಾನೂನಿನಲ್ಲಿ ಇರಲೇ ಇಲ್ಲ. 1989ರ ಆಗಸ್ಟಿನಲ್ಲಿ ಷಿಕಾಗೋದಲ್ಲಿ ಸಂಸತ್ತಿನ ತೆರಿಗೆ ಸಮಿತಿಯ ಅಧ್ಯಕ್ಷ ಡ್ಯಾನ್ ರೊಸ್ಟೆನ್‌ಕೌಸ್ಕಿ ಅವರ ಕಾರನ್ನು ಸಿಟ್ಟಿಗೆದ್ದ ವೃದ್ಧರು ಸುತ್ತುವರಿದರು, ಒಬ್ಬಾಕೆ ಕಾರಿನ ಮೂತಿಯ ಮೇಲೇ ಒರಗಿದರು, ಆತ ಇಳಿದು ಓಡಿದ್ದು ದೇಶದ ಟಿವಿಗಳಲ್ಲೆಲ್ಲ ಬಂತು. ಆ ವರ್ಷವೇ ಕಾನೂನು ರದ್ದಾಯಿತು. ಹಿರಿಯರ ತಂಟೆಗೆ ಹೋಗಬಾರದು ಎಂಬ ಪಾಠವನ್ನು ರಾಜಕಾರಣಿಗಳು ಕಲಿತರು. ನನಗೆ ಕಾಣುವ ಪಾಠ ಬೇರೆ. ಜನ ಅಂಜಿದ್ದನ್ನು ಬಿಟ್ಟು, ಆಗಲೇ ಇದ್ದದ್ದನ್ನು ಮತ್ತೊಮ್ಮೆ ಮಾರಲು ಹೋದರೆ ಏನಾಗಬೇಕೋ ಅದೇ ಆಯಿತು. ಒಬಾಮಾ ಕಾಲದ ಅದೇ 2010ರ ಕಾನೂನಿನಲ್ಲಿ ಆರೈಕೆಯ ವಿಮೆಯನ್ನು ಸೇರಿಸಿದಾಗಲೂ ಅದನ್ನು ಐಚ್ಛಿಕವಾಗಿಟ್ಟರು. ಬೇಕಾದವರು ಮಾತ್ರ ಸೇರುವ ವಿಮೆಗೆ ಕಾಯಿಲೆಯವರೇ ಬರುತ್ತಾರೆ, ಕಂತು ಏರುತ್ತದೆ, ಗಟ್ಟಿಮುಟ್ಟಾದವರು ದೂರ ಉಳಿಯುತ್ತಾರೆ. ಲೆಕ್ಕ ಕೂಡುವುದಿಲ್ಲವೆಂದು 2011ರಲ್ಲಿ ಸರ್ಕಾರವೇ ಕೈಬಿಟ್ಟಿತು, 2013ರ ಜನವರಿಯಲ್ಲಿ ಕಾಯ್ದೆಯಿಂದಲೂ ತೆಗೆದರು.

ಸರಿಪಡಿಸಲು ಆಗುವುದೇ ಇಲ್ಲ ಎನ್ನುವಂತಿಲ್ಲ. ಔಷಧದ ವಿಷಯದಲ್ಲಿ ಆಗಿದೆ. ಮೆಡಿಕೇರ್ ಹುಟ್ಟಿ ನಲವತ್ತು ವರ್ಷ ಮಾತ್ರೆಗಳಿಗೆ ವಿಮೆಯೇ ಇರಲಿಲ್ಲ. 2006ರಲ್ಲಿ ಬಂದದ್ದಕ್ಕೂ ನಡುವೆ ದೊಡ್ಡ ತೂತು. ಬೆಲೆಯ ಬಗ್ಗೆ ಕಂಪನಿಗಳ ಜೊತೆ ಸರ್ಕಾರ ಚೌಕಾಸಿ ಮಾಡಕೂಡದು ಎಂದು 2003ರ ಕಾನೂನಿನಲ್ಲೇ ಬರೆದಿದ್ದರು. 2022ರಲ್ಲಿ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ನಿರ್ಣಾಯಕ ಮತದಿಂದ ಸೆನೆಟ್ ದಾಟಿದ ಕಾನೂನು ಅದನ್ನು ಮುರಿಯಿತು. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ, 2025ರಿಂದ ಮೆಡಿಕೇರ್ ಔಷಧ ವಿಮೆಯಡಿ ಬರುವ ಎಲ್ಲ ಮಾತ್ರೆಗಳಿಗೂ ಸೇರಿ ಒಂದು ವಾರ್ಷಿಕ ಮಿತಿ (ಮೊದಲ ವರ್ಷ 2,000 ಡಾಲರ್), ಚೌಕಾಸಿ ಮಾಡಿದ ಮೊದಲ ಹತ್ತು ಔಷಧಗಳ ದರ 2026ರ ಜನವರಿಯಿಂದ ಜಾರಿ. ಬೆಲೆ ಇಳಿದದ್ದಕ್ಕಿಂತ ನನಗೆ ಮುಖ್ಯವೆನಿಸುವುದು ಆ 2,000ದ ಗೆರೆ. ಅದಕ್ಕಾಗಿ ಯಾರೂ ತಮ್ಮ ಮುಂದಿನ ಕಾಯಿಲೆಯನ್ನು ಊಹಿಸಬೇಕಿಲ್ಲ.

ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿದೇ ಇದೆ. ಮೆಡಿಕೇರ್‌ನ ಆಸ್ಪತ್ರೆ ನಿಧಿಯ ಸಂಗ್ರಹ 2033ಕ್ಕೆ ಬರಿದಾಗುತ್ತದೆ ಎಂದು ಅದರ ಧರ್ಮದರ್ಶಿಗಳು 2025ರಲ್ಲಿ ವರದಿ ಕೊಟ್ಟಿದ್ದಾರೆ. ಆಮೇಲೂ ಬರುವ ತೆರಿಗೆಯಿಂದ ಶೇ 89ರಷ್ಟು ಬಿಲ್ಲು ಕಟ್ಟಬಹುದು ಎಂಬ ಸಾಲನ್ನು ಭಯ ಹುಟ್ಟಿಸುವವರು ಓದುವುದಿಲ್ಲ. ಒಬ್ಬ ಫಲಾನುಭವಿಗೆ ದುಡಿಯುವವರು ಮೂವರಿಗೂ ಕಡಿಮೆಯಾಗಿದ್ದಾರೆ, ಇದೂ ನಿಜ. ಆದರೆ ಆರೈಕೆಯ ಖರ್ಚು ಹೊಸದಾಗಿ ಹುಟ್ಟುವಂಥದ್ದಲ್ಲ. ಇವತ್ತೂ ಯಾರೋ ಅದನ್ನು ಕೊಡುತ್ತಲೇ ಇದ್ದಾರೆ: ಒಂದಿಷ್ಟು ಮೆಡಿಕೇಡ್, ಒಂದಿಷ್ಟು ಮಾರಿದ ಮನೆಗಳು, ಬಹಳಷ್ಟು ಕೆಲಸ ಬಿಟ್ಟು ಕೂತ ಹೆಣ್ಣುಮಕ್ಕಳು. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಆರೈಕೆಗೆ ಕಡ್ಡಾಯ ವಿಮೆ ತಂದವು; ಜಪಾನಿನಲ್ಲಿ 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಅಲ್ಲೂ ಕಂತು ಏರುತ್ತಿದೆ, ಆರೈಕೆ ಮಾಡುವವರ ಕೊರತೆಯಿದೆ. ಆದರೆ ಯಾರಿಗೆ ಮರೆವು ಬಂತೋ ಅವರ ಮನೆಯೊಂದರ ತಲೆಗೇ ಇಡೀ ಭಾರ ಬೀಳುವುದಿಲ್ಲ.

ಮಕ್ಕಳು ನೋಡಿಕೊಳ್ಳಬೇಕಪ್ಪ, ಇದಕ್ಕೆಲ್ಲ ವಿಮೆ ಏಕೆ ಎನ್ನುವವರು ನಮ್ಮಲ್ಲಿ ಬಹಳ. ಹಾಗೆಂದೇ ತಂದೆತಾಯಿಯನ್ನು ಕ್ಯಾಲಿಫೋರ್ನಿಯಾಕ್ಕೋ ಟೆಕ್ಸಸ್ಸಿಗೋ ಕರೆಸಿಕೊಂಡ ಕನ್ನಡದ ಮಕ್ಕಳಿಗೆ ಈ ವ್ಯವಸ್ಥೆಯ ಗೋಡೆ ಇನ್ನೊಂದು ಕಡೆಯಿಂದ ತಾಗುತ್ತದೆ. ಮಗ ವರ್ಷಗಟ್ಟಲೆ ಮೆಡಿಕೇರ್ ತೆರಿಗೆ ಕಟ್ಟಿದ್ದರೂ ಅದು ಅಪ್ಪ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಅವರೋ ಅವರ ಸಂಗಾತಿಯೋ ಹತ್ತು ವರ್ಷ ದುಡಿದಿರಬೇಕು. ದುಡಿಯದೆ ಗ್ರೀನ್ ಕಾರ್ಡ್ ಪಡೆದವರು ಐದು ವರ್ಷ ಸತತವಾಗಿ ವಾಸವಿದ್ದ ಮೇಲೆ ಮೆಡಿಕೇರ್ ಕೊಳ್ಳಬಹುದು, 2025ರ ದರದಲ್ಲಿ ಪಾರ್ಟ್ ಎಗೆ ತಿಂಗಳಿಗೆ 518 ಡಾಲರ್, ಪಾರ್ಟ್ ಬಿಗೆ 185, ಇಬ್ಬರಿಗೆ ಅದರ ಎರಡರಷ್ಟು. ಅಲ್ಲಿಯವರೆಗೆ ಖಾಸಗಿ ವಿಮೆಯೇ ಗತಿ. ಅದನ್ನು ಕೊಳ್ಳಲು ಕಡಿಮೆ ಆದಾಯದ ಹೊಸ ವಲಸಿಗರಿಗಿದ್ದ ಸಹಾಯಧನವನ್ನು 2025ರ ಜುಲೈ ಕಾನೂನು ಕಿತ್ತುಕೊಂಡಿದೆ. ಆರು ತಿಂಗಳ ಮಟ್ಟಿಗೆ ಪ್ರವಾಸಿ ವೀಸಾದಲ್ಲಿ ಬಾಣಂತನಕ್ಕೆಂದು ಹೋಗುವ ಅಮ್ಮಂದಿರ ಪ್ರವಾಸಿ ವಿಮೆಯಲ್ಲಿ ಬಿಪಿ, ಶುಗರ್‌ನಂಥ ಹಳೆಯ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಪ್ರೀತಿಗೆ ಕೊರತೆಯಿಲ್ಲದ ಮನೆಯನ್ನೂ ಒಂದು ಪಾರ್ಶ್ವವಾಯು ಸಾಲಕ್ಕೆ ತಳ್ಳಬಲ್ಲದು.

ಸದ್ಯಕ್ಕೆ ಕಣ್ಣಿಡಬೇಕಾದ ಜಾಗ ವಾಷಿಂಗ್ಟನ್ ರಾಜ್ಯ. 2023ರ ಜುಲೈಯಿಂದ ಅಲ್ಲಿ ದುಡಿಯುವವರ ಸಂಬಳದಿಂದ ಶೇ 0.58 ಮುರಿದು ಆರೈಕೆಯ ನಿಧಿಗೆ ಹಾಕುತ್ತಿದ್ದಾರೆ. ಅರ್ಹರಿಗೆ ಜೀವಮಾನದಲ್ಲಿ 36,500 ಡಾಲರ್‌ವರೆಗೆ ಸಿಗುವಂತೆ, ಪಾವತಿ 2026ರ ಜುಲೈಯಿಂದ ಶುರುವಾಗುವಂತೆ ಕಾನೂನು ಬರೆದಿದ್ದಾರೆ. ನರ್ಸಿಂಗ್ ಹೋಮಿನಲ್ಲಿ ಈ ಮೊತ್ತ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಮನೆಗೆ ವಾರದಲ್ಲಿ ಕೆಲವು ಗಂಟೆ ಬಂದು ಸ್ನಾನ ಮಾಡಿಸಿ ಹೋಗುವವರಿಗಾದರೆ, ಬಾಗಿಲಿಗೆ ಇಳಿಜಾರು, ಬಚ್ಚಲಿಗೆ ಹಿಡಿಕೆ ಹಾಕಿಸುವುದಕ್ಕಾದರೆ ಎರಡು ಮೂರು ವರ್ಷ ಬಂದೀತು. ನರ್ಸಿಂಗ್ ಹೋಮ್ ಸೇರುವುದನ್ನು ಮುಂದೂಡುವುದು ಇಂಥ ಸಣ್ಣ ನೆರವುಗಳೇ. ಬೇಕಾದವರು ಮಾತ್ರ ಸೇರಲಿ ಎಂಬ ಪ್ರಸ್ತಾಪ 2024ರ ನವೆಂಬರಿನಲ್ಲಿ ಮತಕ್ಕೆ ಬಂದಾಗ, ತಮ್ಮ ಸಂಬಳದಿಂದಲೇ ಹಣ ಹೋಗುತ್ತಿದ್ದರೂ, ಆ ರಾಜ್ಯದ ಮತದಾರರು ಬೇಡವೆಂದರು.